ಜಾರ್ಜ್ ಸೈಮನ್ ಓಮ್

ಜಾರ್ಜ್ ಸೈಮನ್ ಓಮ್ (ಮಾರ್ಚ್ 16, 1789 – ಜುಲೈ 6, 1854) ಜರ್ಮನಿಯ ಭೌತವಿಜ್ಞಾನಿ ಹಾಗೂ ಅಧ್ಯಾಪಕರು. ತಾಪ ಸ್ಥಿರವಾಗಿದ್ದಾಗ ಲೋಹದ ವಾಹಕದಲ್ಲಿ ಹರಿಯುವ ವಿದ್ಯುತ್ ಪ್ರವಾಹವು ಅದರ ತುದಿಗಳ ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂಬ ನಿಯಮವು ಇವರ ಹೆಸರಿನಿಂದ ಪ್ರಸಿದ್ಧವಾಗಿದೆ.

ಆರಂಭಿಕ ಜೀವನ

ಓಮ್ ಇಂದಿನ ಬವೇರಿಯಾ ರಾಜ್ಯದ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದರು. ತಂದೆ ಬೀಗ ತಯಾರಿಸುವ ಕುಶಲಕರ್ಮಿ. ಶಾಲೆಯಲ್ಲಿ ಓದದಿದ್ದರೂ ಸ್ವಂತ ಶ್ರಮದಿಂದ ಗಣಿತವನ್ನು ಕಲಿತು ಮಕ್ಕಳಿಗೆ ಬೋಧಿಸಿದರು. ಕಿರಿಯ ಸಹೋದರ ಮಾರ್ಟಿನ್ ಸಹ ಗಣಿತಜ್ಞರಾದರು. ತಾಯಿ ತೀರಿಕೊಂಡಾಗ ಓಮ್ ಅವರಿಗೆ ಹತ್ತು ವರ್ಷ.

1805ರಲ್ಲಿ ವಿಶ್ವವಿದ್ಯಾಲಯ ಸೇರಿದ ಓಮ್, ನೃತ್ಯ, ಬಿಲಿಯರ್ಡ್ಸ್ ಮತ್ತು ಹಿಮಜಾರಾಟಗಳಲ್ಲಿ ಹೆಚ್ಚು ಸಮಯ ಕಳೆದುದರಿಂದ ತಂದೆ ಅಸಮಾಧಾನಗೊಂಡು ಓದು ಬಿಡಿಸಿದರು. ಓಮ್ ಸ್ವಿಟ್ಜರ್ಲೆಂಡಿನ ಶಾಲೆಯೊಂದರಲ್ಲಿ ಗಣಿತದ ಶಿಕ್ಷಕರಾದರು. 1811ರಲ್ಲಿ ಎರ್ಲಾಂಗೆನ್‌ನಲ್ಲಿಯೇ ಡಾಕ್ಟರೇಟ್ ಪಡೆದರು.

ತಂತಿಗಳ ಪ್ರಯೋಗ

1817ರಲ್ಲಿ ಕಲೋನ್ ನಗರದ ಪ್ರೌಢಶಾಲೆಯಲ್ಲಿ ಉದ್ಯೋಗ ದೊರೆಯಿತು. ಅಲ್ಲಿ ಉತ್ತಮ ಪ್ರಯೋಗಾಲಯವಿತ್ತು. ತಂದೆಯಿಂದ ಬಂದ ಕೈಕೆಲಸದ ಕೌಶಲ ಉಪಕರಣಗಳ ತಯಾರಿಕೆಗೆ ನೆರವಾಯಿತು. 1825ರ ಮೊದಲ ಪ್ರಯತ್ನದಲ್ಲಿ ರಾಸಾಯನಿಕ ಕೋಶದ ಬಲ ಏರಿಳಿಯುತ್ತಿದ್ದುದರಿಂದ ದೊರೆತ ಸೂತ್ರ ಸರಿಯಾಗಲಿಲ್ಲ. ಪೊಗೆನ್‌ಡಾರ್ಫ್ ಅವರ ಸಲಹೆಯಂತೆ ಬಿಸ್ಮತ್ ಮತ್ತು ತಾಮ್ರದ ಉಷ್ಣಯುಗ್ಮವನ್ನು ಆರಿಸಿಕೊಂಡರು. ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಕರಗುವ ಮಂಜುಗಡ್ಡೆಯಲ್ಲಿಯೂ ಇರಿಸಿದಾಗ ಬಲ ಸ್ಥಿರವಾಗಿ ನಿಂತಿತು. ಒಂದೇ ದಪ್ಪದ, ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ಕಾಂತಸೂಜಿಯ ವಿಚಲನೆಯಿಂದ ಪ್ರವಾಹವನ್ನು ಅಳೆದರು. ಇಡೀ ಶೋಧನೆಯಲ್ಲಿ ನಿರ್ಣಾಯಕವಾದುದು ಈ ಬದಲಾವಣೆಯೇ ಎನ್ನಬಹುದು.

ನಿರಾದರ ಮತ್ತು ಮನ್ನಣೆ

ಅರ್ಧ ವೇತನದ ರಜೆಯ ಮೇಲೆ ಬರ್ಲಿನ್ನಿಗೆ ತೆರಳಿ 1827ರಲ್ಲಿ ತಮ್ಮ ಸಿದ್ಧಾಂತವನ್ನು ಗ್ರಂಥವಾಗಿ ಪ್ರಕಟಿಸಿದರು. ವಿಶ್ವವಿದ್ಯಾಲಯದ ಹುದ್ದೆ ದೊರೆಯುವುದೆಂಬ ನಿರೀಕ್ಷೆ ಹುಸಿಯಾಯಿತು. ವಿದ್ಯುತ್ತಿಗೆ ಗಣಿತವನ್ನು ಅನ್ವಯಿಸಿದುದು ಅಂದಿನ ಅನೇಕ ಜರ್ಮನ್ ಪಂಡಿತರಿಗೆ ಹಿಡಿಸಲಿಲ್ಲ. ಓಮ್ ಕಲೋನಿನ ಕೆಲಸವನ್ನೂ ತ್ಯಜಿಸಿದರು. ಆಗ ಅವರಿಗೆ ನಲವತ್ತು ಸಮೀಪಿಸಿತ್ತು. 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್ ಸೇರುವವರೆಗೆ ಬಿಡಿ ಪಾಠಗಳೇ ಜೀವನಾಧಾರವಾಗಿದ್ದವು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲೆ ಪದಕ ನೀಡಿತು. ಮ್ಯೂನಿಕ್‌ನಲ್ಲಿ ಪೂರ್ಣ ಪ್ರಾಧ್ಯಾಪಕ ಪದವಿ ಲಭಿಸಿದ್ದು 1852ರಲ್ಲಿ, ಮರಣಕ್ಕೆ ಕೇವಲ ಎರಡು ವರ್ಷ ಮೊದಲು. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಇದೇ ಸಂಬಂಧವನ್ನು ಮೊದಲೇ ಕಂಡಿದ್ದರೂ ಪ್ರಕಟಿಸಿರಲಿಲ್ಲ. 1881ರ ಪ್ಯಾರಿಸ್ ಸಮ್ಮೇಳನವು ರೋಧದ ಏಕಮಾನಕ್ಕೆ ಓಮ್ ಹೆಸರನ್ನು ಅಂಗೀಕರಿಸಿತು.

ರೋಧಕಗಳ ಆಯ್ಕೆ

ತಂತಿಯ ರೋಧ ಅದರ ಉದ್ದ, ದಪ್ಪ, ಲೋಹ ಮತ್ತು ತಾಪವನ್ನು ಅವಲಂಬಿಸುತ್ತದೆ. ಇಂದಿನ ಮಂಡಲಗಳಿಗೆ ರೋಧಕವನ್ನು ಆರಿಸುವಾಗ ಓಮ್ ಮೌಲ್ಯವೊಂದನ್ನೇ ನೋಡಿದರೆ ಸಾಲದು. ಹೆಚ್ಚು ಶಾಖ ತಡೆಯಬೇಕಾದಲ್ಲಿ ತಂತಿ ಸುತ್ತಿದ ರೋಧಕ ಸೂಕ್ತ. ಆದರೆ ಅದು ಸುರುಳಿಯಾದ್ದರಿಂದ ಅಧಿಕ ಆವೃತ್ತಿಗೆ ಹೊಂದುವುದಿಲ್ಲ. ಕಾರ್ಬನ್ ಪದರದ್ದು ಅಗ್ಗ. ನಿಖರತೆ ಮುಖ್ಯವಾದ ಕಡೆ, ಅಥವಾ ಧ್ವನಿವರ್ಧಕ ಮಂಡಲದ ಮೊದಲ ಹಂತದಲ್ಲಿ, ಲೋಹದ ಪದರದ ರೋಧಕವೇ ಮೇಲು. ಕಾಲೇಜು ಪ್ರಯೋಗಾಲಯದ ಮೀಟರ್ ಬ್ರಿಡ್ಜ್‌ನಲ್ಲಿ ಮ್ಯಾಂಗನಿನ್ ಅಥವಾ ಕಾನ್‌ಸ್ಟಾಂಟನ್ ತಂತಿ ಬಳಸುವುದು ತಾಪ ಬದಲಾದರೂ ಅವುಗಳ ರೋಧ ಬಹುಮಟ್ಟಿಗೆ ಬದಲಾಗದ ಕಾರಣದಿಂದ.