ರೊನಾಲ್ಡ್ ರಾಸ್: ಸೊಳ್ಳೆಯ ಹೊಟ್ಟೆಯಲ್ಲಿ ಸಿಕ್ಕ ಉತ್ತರ

ಹೈದರಾಬಾದಿನ ಬೇಗಂಪೇಟೆಯಲ್ಲಿ ಸರ್ ರೊನಾಲ್ಡ್ ರಾಸ್ ಹೆಸರಿನ ಹಳೆಯ ಕಟ್ಟಡವೊಂದಿದೆ. ಮಲೇರಿಯಾದ ಗುಟ್ಟು ಸಿಕ್ಕ ಊರಿದು. ಸಾಫ್ಟ್‌ವೇರ್ ಕ್ಷೇತ್ರದವಳಾದ ನನಗೆ ರಾಸ್ ಇಷ್ಟವಾಗುವುದು ನೊಬೆಲ್ ಪ್ರಶಸ್ತಿಗಿಂತ ಹೆಚ್ಚಾಗಿ ಅವರ ಪರೀಕ್ಷೆಯ ಕ್ರಮಕ್ಕೆ.

1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದ ರಾಸ್‌ಗೆ ಸಾಹಿತ್ಯದ ಹುಚ್ಚು. ತಂದೆಯ ಒತ್ತಾಯಕ್ಕೆ ವೈದ್ಯರಾದರು. 1883ರಲ್ಲಿ ನಮ್ಮ ಬೆಂಗಳೂರಿನಲ್ಲಿದ್ದಾಗ, ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆಗಳು ಕಡಿಮೆಯಾಗುವುದನ್ನು ಗಮನಿಸಿದರು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರಿಗೆ ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ಪರಾವಲಂಬಿಯನ್ನು ತೋರಿಸಿ, ಸೊಳ್ಳೆಯ ಕಡೆಗೆ ಬೆರಳು ಮಾಡಿದರು.

1895ರಿಂದ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಗಳನ್ನು ಕೊಯ್ದು ನೋಡತೊಡಗಿದರು. ಸುಮಾರು ಎರಡು ವರ್ಷ ಏನೂ ಸಿಗಲಿಲ್ಲ. ಅವರು ನೋಡುತ್ತಿದ್ದದ್ದು ಮಲೇರಿಯಾ ಹರಡದ ಜಾತಿಯ ಸೊಳ್ಳೆಗಳನ್ನು! ಪಂಕ ಬೀಸಿದರೆ ಸೊಳ್ಳೆಯ ತುಣುಕುಗಳು ಹಾರಿಹೋಗುತ್ತವೆಂದು ಸೆಕೆಯಲ್ಲೇ ಕೂರುತ್ತಿದ್ದರು. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು.

1897ರ ಆಗಸ್ಟ್‌ನಲ್ಲಿ ಚುಕ್ಕೆ ರೆಕ್ಕೆಯ ಸೊಳ್ಳೆಗಳು ಸಿಕ್ಕವು. ಅವು ಮರಿಹುಳುಗಳಿಂದಲೇ ಸಾಕಿದವು, ಮೊದಲು ಯಾರನ್ನೂ ಕಚ್ಚದವು. ರೋಗಿ ಹುಸೇನ್ ಖಾನ್‌ಗೆ ಸೊಳ್ಳೆಗೊಂದು ಆಣೆ ಕೊಟ್ಟು ಕಚ್ಚಿಸಿದರು. ಯಾವ ಜಾತಿ, ಯಾವಾಗ ಕಚ್ಚಿತು, ಎಷ್ಟನೆಯ ದಿನ ಕೊಯ್ದದ್ದು, ಎಲ್ಲಕ್ಕೂ ಲೆಕ್ಕವಿತ್ತು. ಆಗಸ್ಟ್ 20ರಂದು ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಕೋಶಗಳು ಕಂಡವು. ಮರುದಿನ ಕೊಯ್ದ ಸೊಳ್ಳೆಯಲ್ಲಿ ಅವು ಇನ್ನೂ ದೊಡ್ಡದಾಗಿದ್ದವು. ಅಂದರೆ ಪರಾವಲಂಬಿ ಸೊಳ್ಳೆಯೊಳಗೆ ಬೆಳೆಯುತ್ತಿತ್ತು. 1898ರಲ್ಲಿ ಕಲ್ಕತ್ತೆಯಲ್ಲಿ, ಮೊಹಮ್ಮದ್ ಬಕ್ಸ್ ಅವರ ನೆರವಿನಿಂದ, ಹಕ್ಕಿಗಳ ಮಲೇರಿಯಾ ಸೊಳ್ಳೆಯ ಲಾಲಾಗ್ರಂಥಿಯ ಮೂಲಕ ಹರಡುವುದನ್ನು ತೋರಿಸಿದರು. 1902ರಲ್ಲಿ ನೊಬೆಲ್ ಬಂತು. 1932ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಪ್ರಶಸ್ತಿ ಒಬ್ಬರಿಗೆ ಬಂದರೂ ತೋಳು ಕೊಟ್ಟ ಹುಸೇನ್ ಖಾನರನ್ನೂ, ಜೊತೆಗೆ ದುಡಿದ ಬಕ್ಸ್ ಅವರನ್ನೂ ನಾವು ನೆನೆಯಬೇಕು.

ಡೆಂಗ್ಯೂ, ಚಿಕೂನ್‌ಗುನ್ಯಾ ವೈರಸ್‌ಗಳು ರಾಸ್ ಅವರ ಸೂಕ್ಷ್ಮದರ್ಶಕಕ್ಕೆ ಕಾಣುವಂಥವಲ್ಲ. ಇಂದು ಒಂದೇ ಜಾತಿಯ, ಒಂದೇ ಜಾಗದ ಸೊಳ್ಳೆಗಳನ್ನು ಗುಂಪು ಮಾಡಿ ಅರೆದು ಪಿಸಿಆರ್ ಪರೀಕ್ಷೆ ಮಾಡುತ್ತಾರೆ. ಮಾದರಿ ತಣ್ಣಗಿರದಿದ್ದರೆ ವೈರಸ್‌ನ ಆರ್‌ಎನ್‌ಎ ಹಾಳಾಗಿ, ಸೋಂಕಿದ್ದರೂ ಇಲ್ಲವೆಂಬ ಉತ್ತರ ಬರಬಹುದು. ಆ ತಪ್ಪು ಉತ್ತರ ನಂಬಿದ ಬಡಾವಣೆ ಎಚ್ಚರ ತಪ್ಪುತ್ತದೆ. ಯಂತ್ರ ಎಷ್ಟೇ ಹೊಸದಾಗಿರಲಿ, ಸರಿಯಾದ ಸೊಳ್ಳೆ, ಸರಿಯಾದ ಮಾದರಿ, ಸರಿಯಾದ ಲೆಕ್ಕ ಬೇಕೇ ಬೇಕು.

ಇನ್ನು ನಮ್ಮ ಪಾಲಿನ ಕೆಲಸ, ರಾಸ್ ಬೆಂಗಳೂರಿನಲ್ಲಿ ಕಂಡುಕೊಂಡದ್ದೇ: ವಾರಕ್ಕೊಮ್ಮೆ ಡ್ರಮ್ಮು, ಕೂಲರ್, ಹೂಕುಂಡದ ತಟ್ಟೆಯ ನೀರು ಚೆಲ್ಲೋಣ.