ಸೋತ ಹಾಡೇ ಜಗತ್ತನ್ನು ಗೆದ್ದಾಗ
ಯೂರೋಪಿನ ದೇಶಗಳು ಟಿವಿಯಲ್ಲಿ ಹಾಡಿನಿಂದಲೇ ಸೆಣಸುವ ಯೂರೋವಿಷನ್ ಸ್ಪರ್ಧೆಗೆ 1958ರಲ್ಲಿ ಇಟಲಿಯ ಪರವಾಗಿ ಹೋದವರು ಡೊಮೆನಿಕೊ ಮೊಡುನ್ಯೊ. ನೆದರ್‌ಲೆಂಡ್ಸ್‌ನ ಹಿಲ್ವರ್ಸಮ್‌ನಲ್ಲಿ ಮೊದಲು ಹಾಡಿದವರೇ ಅವರು. ಪ್ರಸಾರ ಕೈಕೊಟ್ಟು ಕೆಲವು ದೇಶಗಳಿಗೆ ಹಾಡು ತಲುಪಲಿಲ್ಲ; ಕೊನೆಯಲ್ಲಿ ಮತ್ತೆ ಹಾಡಬೇಕಾಯಿತು. ಇಷ್ಟಾಗಿಯೂ ಸಿಕ್ಕಿದ್ದು ಮೂರನೇ ಸ್ಥಾನ. ಅಂದು ಗೆದ್ದ ಫ್ರಾನ್ಸ್‌ನ ಹಾಡು ಇಂದು ಎಷ್ಟು ಜನರಿಗೆ ನೆನಪಿದೆಯೋ! ಮೊಡುನ್ಯೊ ಅವರದು 'ವೊಲಾರೆ' ಎಂದೇ ಮನೆಮಾತಾಗಿ, ಮರುವರ್ಷ ಮೊಟ್ಟಮೊದಲ ಗ್ರ್ಯಾಮಿ ಸಮಾರಂಭದಲ್ಲಿ ಎರಡು ಪ್ರಶಸ್ತಿ ಬಾಚಿಕೊಂಡಿತು.

ಯೂರೋವಿಷನ್ ಮಾತ್ರ ಕೊನೆಗೂ ಒಲಿಯಲಿಲ್ಲ. 1966ರಲ್ಲಂತೂ ಸೊನ್ನೆ ಅಂಕ!

1984ರಲ್ಲಿ ಪಾರ್ಶ್ವವಾಯು ಬಡಿಯಿತು. ವೇದಿಕೆ ದೂರವಾದರೂ ಅವರು ಸುಮ್ಮನಾಗಲಿಲ್ಲ. 1987ರಲ್ಲಿ ಸಂಸದರಾಗಿ, ಅಗ್ರಿಜೆಂಟೊದ ಮನೋರೋಗಿಗಳ ದುಃಸ್ಥಿತಿಯ ವಿರುದ್ಧ ದನಿಯೆತ್ತಿದರು. 1993ರಲ್ಲಿ ಹುಟ್ಟೂರು ಪೊಲಿನ್ಯಾನೊದಲ್ಲಿ ಮತ್ತೆ ಹಾಡಿದರು. ಮರುವರ್ಷ ಲ್ಯಾಂಪೆಡೂಸಾ ದ್ವೀಪದಲ್ಲಿ, ಕಡಲ ಮಗ್ಗುಲಲ್ಲೇ ಕೊನೆಯುಸಿರೆಳೆದರು.