ಒಂಟೆಯ ಹಗ್ಗ, ಬಡವನ ಹಕ್ಕು

ನಮ್ಮ ಊರುಗಳ ಹೆಬ್ಬಾಗಿಲಲ್ಲಿ ಒಂದು ಕಾಲಕ್ಕೆ ಜಕಾತಿ ಕಟ್ಟೆಗಳಿದ್ದವು. ಸಂತೆಗೆ ಸರಕು ತರುವ ಗಾಡಿಗಳು ಅಲ್ಲಿ ನಿಂತು ಸುಂಕ ತೆತ್ತು ಮುಂದೆ ಹೋಗಬೇಕಿತ್ತು. ಜಕಾತಿ ಎಂಬ ಪದದ ಬೇರು ಅರಬ್ಬಿಯ ಜಕಾತ್. ಶುದ್ಧಿ, ವೃದ್ಧಿ ಎಂಬ ಅರ್ಥಗಳುಳ್ಳ, ಇಸ್ಲಾಮಿನಲ್ಲಿ ಉಳ್ಳವರಿಗೆ ಕಡ್ಡಾಯವಾದ ದಾನವನ್ನು ಸೂಚಿಸುವ ಆ ಶಬ್ದ ಕನ್ನಡವನ್ನು ತಲುಪುವ ಹೊತ್ತಿಗೆ ಬರಿಯ ಸುಂಕವಾಗಿಬಿಟ್ಟಿತ್ತು. ಅರ್ಥದ ಈ ಜಾರುವಿಕೆಯಲ್ಲಿ ಆಶ್ಚರ್ಯವೇನಿಲ್ಲ. ಅದು ದಾನವೋ ಸುಂಕವೋ ಎಂಬ ಗೊಂದಲ ಹೆಚ್ಚುಕಡಿಮೆ ಇಸ್ಲಾಮಿನಷ್ಟೇ ಹಳೆಯದು. ಪ್ರವಾದಿ ಮುಹಮ್ಮದರು ತೀರಿಕೊಂಡ ಕ್ರಿ.ಶ. 632ರಲ್ಲಿಯೇ ಅದು ಯುದ್ಧಕ್ಕೆ ಕಾರಣವಾಯಿತು. ಆ ಯುದ್ಧಕ್ಕೆ ಹಟ ಹಿಡಿದು ನಿಂತವರು ಮೊದಲ ಖಲೀಫ ಅಬೂಬಕರ್. ಕುರ್‌ಆನ್ ಓದುವಾಗ ಕಣ್ಣೀರು ತಡೆಯಲಾರದವರೆಂದು ಹೆಸರಾಗಿದ್ದ, ಮೃದು ಸ್ವಭಾವದ ಮನುಷ್ಯ.

ಅಬೂಬಕರ್ ಹುಟ್ಟಿದ್ದು ಸುಮಾರು 573ರಲ್ಲಿ, ಮಕ್ಕಾದ ಕುರೈಶ್ ಬುಡಕಟ್ಟಿನ ತೈಮ್ ಎಂಬ ಕುಲದಲ್ಲಿ. ವೃತ್ತಿಯಿಂದ ಬಟ್ಟೆಯ ವ್ಯಾಪಾರಿ. ಪ್ರವಾದಿಯನ್ನು ಮೊದಮೊದಲು ನಂಬಿದ ಕೆಲವರಲ್ಲಿ ಅವರೊಬ್ಬರು. ಆಗ ಅವರ ಬಳಿ 40,000 ದಿರ್ಹಮ್ ಇತ್ತೆಂದೂ, 622ರಲ್ಲಿ ಮದೀನಾಕ್ಕೆ ವಲಸೆ ಹೊರಡುವಾಗ ಸುಮಾರು 5,000 ಮಾತ್ರ ಉಳಿದಿತ್ತೆಂದೂ ಹಳೆಯ ಚರಿತ್ರಕಾರರು ಬರೆದಿದ್ದಾರೆ. ನಡುವಿನ ಹಣದಲ್ಲಿ ಬಹುಪಾಲು ಹೋದದ್ದು ಗುಲಾಮರನ್ನು ಕೊಂಡು ಬಿಡುಗಡೆ ಮಾಡುವುದಕ್ಕೆ. ಹೊಸ ಧರ್ಮವನ್ನು ಸ್ವೀಕರಿಸಿದ ತಪ್ಪಿಗೆ ಸುಡುವ ಮರಳಿನ ಮೇಲೆ ಮಲಗಿಸಿ ಎದೆಯ ಮೇಲೆ ಬಂಡೆ ಹೇರಿಸಿಕೊಂಡಿದ್ದ ಬಿಲಾಲ್ ಅವರಲ್ಲೊಬ್ಬ. ಬಿಡುಗಡೆಯಾದವರಲ್ಲಿ ದುರ್ಬಲ ಹೆಂಗಸರೂ ಹಲವರಿದ್ದರು. ಹಣ ಚೆಲ್ಲುವುದೇ ಆದರೆ ನಾಳೆ ಬೆನ್ನಿಗೆ ನಿಲ್ಲಬಲ್ಲ ಗಟ್ಟಿಮುಟ್ಟಾದ ಗಂಡಸರನ್ನು ಬಿಡಿಸಬಾರದೇ ಎಂದು ತಂದೆ ಅಬೂ ಕುಹಾಫ ಕೇಳಿದರಂತೆ. ವ್ಯವಹಾರಸ್ಥನ ಪ್ರಶ್ನೆ ಅದು. ಮಗನ ಲೆಕ್ಕ ಬೇರೆಯಾಗಿತ್ತು.

ಈ ಮುದುಕ ತಂದೆ ಆಗಿನ್ನೂ ಮುಸ್ಲಿಮನಾಗಿರಲಿಲ್ಲ, ಕಣ್ಣೂ ಕಾಣುತ್ತಿರಲಿಲ್ಲ. ಮಗ ಉಳಿದ ಹಣವನ್ನೆಲ್ಲ ಹೊತ್ತು ಮದೀನಾಕ್ಕೆ ಹೋದನೆಂದು ತಿಳಿದಾಗ, ಮನೆಯವರನ್ನು ಬರಿಗೈಯಲ್ಲಿ ಬಿಟ್ಟುಹೋದನೇ ಎಂದು ಚಡಪಡಿಸಿದರು. ಮೊಮ್ಮಗಳು ಅಸ್ಮಾ ಹಣವಿಡುತ್ತಿದ್ದ ಗೂಡಿನಲ್ಲಿ ಕಲ್ಲುಗಳನ್ನು ತುಂಬಿ, ಮೇಲೊಂದು ಬಟ್ಟೆ ಹೊದಿಸಿ, ಅಜ್ಜನ ಕೈಹಿಡಿದು ಮುಟ್ಟಿಸಿದಳು. ಅಜ್ಜ ಸಮಾಧಾನಗೊಂಡರು.

ಇದೆಲ್ಲ ಸದಕ, ಅಂದರೆ ಸ್ವಇಚ್ಛೆಯ ದಾನ. ಅದಕ್ಕೆ ಅಳತೆಯಿಲ್ಲ, ಕಾಲವಿಲ್ಲ, ವಸೂಲಿಗಾರನಿಲ್ಲ. 630ರ ತಬೂಕ್ ದಂಡಯಾತ್ರೆಗೆ ಸಹಾಯ ಕೇಳಿದಾಗ ಉಮರ್ ತಮ್ಮ ಆಸ್ತಿಯ ಅರ್ಧ ತಂದರೆ ಅಬೂಬಕರ್ ಇದ್ದದ್ದೆಲ್ಲವನ್ನೂ ತಂದರೆಂಬ ಪ್ರಸಂಗ ಪ್ರಸಿದ್ಧವಾದದ್ದು. ಆದರೆ ಸ್ವಇಚ್ಛೆಯ ದಾನಕ್ಕೆ ಒಂದು ದೌರ್ಬಲ್ಯವೂ ಉಂಟು. ಅದು ಕೊಡುವವನ ಮನಸ್ಸನ್ನು ನೆಚ್ಚಿಕೊಂಡಿರುತ್ತದೆ. ಅಬೂಬಕರರೇ ಇದಕ್ಕೆ ಸಾಕ್ಷಿ. ಅವರ ನೆರವಿನಿಂದಲೇ ಬದುಕುತ್ತಿದ್ದ ಮಿಸ್ತಹ್ ಎಂಬ ಬಡ ಬಂಧು, ಅವರ ಮಗಳು ಆಯಿಶಾರ ಮೇಲೆ ಹಬ್ಬಿದ ಸುಳ್ಳು ಅಪವಾದಕ್ಕೆ ತಾನೂ ದನಿಗೂಡಿಸಿದ. ಇನ್ನು ಇವನಿಗೆ ಏನೂ ಕೊಡಲಾರೆನೆಂದು ಅಬೂಬಕರ್ ಆಣೆಯಿಟ್ಟರು. ಯಾವ ತಂದೆಯಾದರೂ ಹಾಗೆಯೇ ಮಾಡಿಯಾನು. ಉಳ್ಳವರು ಇಂಥ ಆಣೆ ಇಡಬಾರದು, ಕ್ಷಮಿಸಬೇಕು ಎಂಬ ಆಶಯದ ಕುರ್‌ಆನ್ ವಾಕ್ಯ ಅವತೀರ್ಣವಾದ ಮೇಲೆ ನೆರವು ಮತ್ತೆ ಮೊದಲಾಯಿತು. ಆದರೂ ಬಡವನ ಊಟ ದಾನಿಯ ಸಿಟ್ಟಿನೊಂದಿಗೆ ನಿಂತುಹೋಗಬಲ್ಲದೆಂಬುದು ಆ ಘಟನೆಯಲ್ಲಿ ಬಯಲಾಗಿತ್ತು.

ಜಕಾತ್ ಈ ಅನಿಶ್ಚಿತತೆಗೆ ಉತ್ತರ. ಅದಕ್ಕೆ ಲೆಕ್ಕವಿದೆ. 200 ದಿರ್ಹಮ್ ಬೆಳ್ಳಿ ವರ್ಷಪೂರ್ತಿ ಉಳಿದರೆ 5 ದಿರ್ಹಮ್, ಅಂದರೆ ಶೇಕಡಾ ಎರಡೂವರೆ. ಮಳೆಯ ಬೆಳೆಯಲ್ಲಿ ಹತ್ತನೆಯ ಒಂದು ಪಾಲು, ನೀರೆತ್ತಿ ಬೆಳೆದದ್ದರಲ್ಲಿ ಅದರರ್ಧ. ಖಲೀಫರಾದ ಮೇಲೆ ಅಬೂಬಕರ್ ಬಹ್ರೈನ್ ಪ್ರಾಂತ್ಯಕ್ಕೆ ಅನಸ್ ಎಂಬುವರ ಕೈಯಲ್ಲಿ ಕಳುಹಿಸಿದ ಪತ್ರ ಪರಂಪರೆಯಲ್ಲಿ ಉಳಿದುಬಂದಿದೆ. 5 ಒಂಟೆಗಳಿಗೆ ಒಂದು ಕುರಿ, 25 ಆದರೆ ವರ್ಷ ತುಂಬಿದ ಒಂದು ಹೆಣ್ಣೊಂಟೆಮರಿ, 40ರಿಂದ 120 ಕುರಿಗಳವರೆಗೆ ಒಂದು ಕುರಿ, ಹೀಗೆ ಸಾಗುತ್ತದೆ ಅದು. ಮುದಿಯಾದ, ಊನವುಳ್ಳ ಪ್ರಾಣಿಯನ್ನು ಕೊಡುವಂತಿಲ್ಲ. ಜಕಾತ್ ತಪ್ಪಿಸಲೆಂದು ಹಿಂಡುಗಳನ್ನು ಒಡೆಯುವಂತಿಲ್ಲ, ಕೂಡಿಸುವಂತಿಲ್ಲ. ತೆರಿಗೆ ತಪ್ಪಿಸುವ ಜಾಣತನಕ್ಕೆ ಏಳನೆಯ ಶತಮಾನದಲ್ಲಿಯೂ ಕೊರತೆಯಿರಲಿಲ್ಲವೆಂದಾಯಿತು.

ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವರಿಗೆ ಇದನ್ನು ಹೇಗೆ ಹೇಳಬೇಕೆಂಬ ಬಗ್ಗೆಯೂ ಪ್ರವಾದಿ ಎಚ್ಚರ ವಹಿಸಿದ್ದರು. ಯಮನ್‌ಗೆ ಮುಆದ್ ಎಂಬ ಶಿಷ್ಯನನ್ನು ಕಳುಹಿಸುವಾಗ ಮೊದಲು ವಿಶ್ವಾಸ, ಅದನ್ನು ಒಪ್ಪಿದರೆ ನಮಾಜು, ಆ ಬಳಿಕವೇ ಜಕಾತ್ ಎಂಬ ಕ್ರಮವನ್ನು ತಿಳಿಸಿದರು. ಅದು ಅಲ್ಲಿನ ಸಿರಿವಂತರಿಂದ ಪಡೆದು ಅಲ್ಲಿನ ಬಡವರಿಗೇ ಹಿಂದಿರುಗಿಸುವಂಥದು. ಜನರ ಆಸ್ತಿಯಲ್ಲಿ ಅತ್ಯುತ್ತಮವಾದದ್ದನ್ನು ಆರಿಸಿ ಕಿತ್ತುಕೊಳ್ಳಬಾರದು.

ಆದರೆ ಅರೇಬಿಯದ ಬಹುಪಾಲು ಬುಡಕಟ್ಟುಗಳು ಇಸ್ಲಾಮಿಗೆ ಬಂದದ್ದು 630ರ ಆಚೀಚೆ. ಜಕಾತ್ ಸಂಗ್ರಾಹಕರು ಅವರ ಬಳಿಗೆ ಹೋದದ್ದು ಒಂದೋ ಎರಡೋ ಸಲ. ಬಲಿಷ್ಠ ಕುಲಕ್ಕೆ ಕಪ್ಪ ಕೊಟ್ಟು ಅಭ್ಯಾಸವಿದ್ದ ಮರುಭೂಮಿಯ ಜನಕ್ಕೆ ಇದೂ ಮದೀನಾದ ಒಬ್ಬ ನಾಯಕನಿಗೆ ಸಲ್ಲುವ ಕಪ್ಪದಂತೆಯೇ ಕಂಡಿತು. 632ರ ಜೂನ್‌ನಲ್ಲಿ ಪ್ರವಾದಿ ತೀರಿಕೊಂಡಾಗ ಕಪ್ಪದ ಕರಾರೂ ಮುಗಿಯಿತೆಂದು ಹಲವರು ಭಾವಿಸಿದರು. ನಮಾಜು ಮಾಡುತ್ತೇವೆ, ಜಕಾತ್ ಮಾತ್ರ ಬೇಡ ಎಂಬ ಬೇಡಿಕೆಯೊಂದಿಗೆ ನಿಯೋಗಗಳು ಮದೀನಾಕ್ಕೆ ಬಂದವು.

ಹೊತ್ತು ಕೆಟ್ಟದಾಗಿತ್ತು. ಸೈನ್ಯ ಸಿರಿಯಾದ ಗಡಿಗೆ ಹೋಗಿತ್ತು, ನಗರಕ್ಕೆ ಕಾವಲಿಲ್ಲ. ವಿಶ್ವಾಸದ ವಚನ ಹೇಳಿದವರ ಪ್ರಾಣ, ಸ್ವತ್ತುಗಳಿಗೆ ರಕ್ಷಣೆಯಿದೆ, ಅಂಥವರೊಡನೆ ಯುದ್ಧ ಮಾಡುವುದು ಹೇಗೆ ಎಂದು ಕಠಿಣ ಸ್ವಭಾವದ ಉಮರರೇ ಕೇಳಿದರು. ಸೌಮ್ಯರಾದ ಅಬೂಬಕರ್ ಬಗ್ಗಲಿಲ್ಲ. ಜಕಾತ್ ಎಂಬುದು ಸಂಪತ್ತಿನ ಮೇಲಿರುವ ಹಕ್ಕು. ಅದನ್ನೂ ನಮಾಜನ್ನೂ ಬೇರ್ಪಡಿಸುವವರೊಡನೆ, ಪ್ರವಾದಿಯ ಕಾಲದಲ್ಲಿ ಕೊಡುತ್ತಿದ್ದ ಒಂಟೆಯ ಕಣ್ಣಿ ಹಗ್ಗವೊಂದನ್ನು ತಡೆಹಿಡಿದರೂ ಹೋರಾಡುವೆ ಎಂಬುದು ಅವರ ನಿಲುವು. ನಿಯೋಗಗಳು ಬರಿಗೈಯಲ್ಲಿ ಮರಳಿದವು. ಕೆಲವೇ ದಿನಗಳಲ್ಲಿ ನಗರದ ಮೇಲೆ ದಾಳಿಯಾದಾಗ ವೃದ್ಧ ಖಲೀಫ ಸ್ವತಃ ಹೊರಟು ಎದುರಿಸಿದರು.

ಮದೀನಾದ ಅಧಿಕಾರವನ್ನು ಉಳಿಸಿಕೊಳ್ಳುವ ರಾಜಕೀಯವೂ ಇದರಲ್ಲಿತ್ತೆಂಬ ಇತಿಹಾಸಕಾರರ ಮಾತನ್ನು ತಳ್ಳಿಹಾಕಬೇಕಿಲ್ಲ. ಪ್ರವಾದಿತ್ವವನ್ನೇ ಸಾರಿಕೊಂಡ ಮುಸೈಲಿಮ, ತುಲೈಹರ ದಂಗೆಗಳೂ ಇದರೊಂದಿಗೆ ಬೆರೆತಿದ್ದವು. ನೆತ್ತರೂ ನ್ಯಾಯವಾಗಿಯೇ ಹರಿಯಿತೆನ್ನಲಾಗದು. ತಮೀಮ್ ಬುಡಕಟ್ಟಿನ ಮಾಲಿಕ್ ಇಬ್ನ್ ನುವೈರ ತಾನು ಸಂಗ್ರಹಿಸಿದ್ದ ಜಾನುವಾರುಗಳನ್ನು ತನ್ನ ಜನಕ್ಕೇ ಹಿಂದಿರುಗಿಸಿದ್ದವನು. ಖಾಲಿದ್ ಇಬ್ನ್ ವಲೀದರ ಸೆರೆಯಲ್ಲಿ ಆತ ಕೊಲೆಯಾದ. ಸೇನಾಪತಿಯನ್ನು ಕಿತ್ತುಹಾಕಬೇಕೆಂದು ಉಮರ್ ಪಟ್ಟು ಹಿಡಿದರು. ಅಬೂಬಕರ್ ಆತನ ಪ್ರಾಣಕ್ಕೆ ಪರಿಹಾರದ ಹಣ ಕೊಟ್ಟು ಖಾಲಿದರನ್ನು ಉಳಿಸಿಕೊಂಡರು. ಅವರ ಆಳ್ವಿಕೆಯಲ್ಲಿ ಸಮರ್ಥಿಸಲು ಅತ್ಯಂತ ಕಷ್ಟವಾದ ತೀರ್ಮಾನ ಇದು.

ಆದರೆ ಬೊಕ್ಕಸಕ್ಕೆ ಬಂದದ್ದನ್ನು ಅವರು ಹಂಚಿದ ಬಗೆಯನ್ನೂ ನೋಡಬೇಕು. ಮೊದಲು ಮುಸ್ಲಿಮರಾದವರಿಗೂ ನಿನ್ನೆ ಬಂದವರಿಗೂ, ಗಂಡಸರಿಗೂ ಹೆಂಗಸರಿಗೂ ಸಮಪಾಲು. ಹಳಬರು ಆಕ್ಷೇಪಿಸಿದರು. ಮೊದಲಿಗರಾದುದಕ್ಕೆ ಪ್ರತಿಫಲ ದೇವರ ಬಳಿಯಿದೆ, ಹೊಟ್ಟೆಪಾಡಿನಲ್ಲಿ ಸಮಾನತೆಯೇ ಲೇಸೆಂಬುದು ಅವರ ಉತ್ತರವಾಗಿತ್ತು. ಮುಂದೆ ಉಮರ್ ಶ್ರೇಣಿಗಳನ್ನು ತಂದರು. ಹೊಸಬರ ಕಣ್ಣಿನಲ್ಲಿ ಅಬೂಬಕರರ ವ್ಯವಸ್ಥೆಯೇ ಹೆಚ್ಚು ನ್ಯಾಯವಾದದ್ದು ಎಂದೇ ನನಗನ್ನಿಸುತ್ತದೆ.

ಖಲೀಫರಾದ ಮರುದಿನವೂ ಅಬೂಬಕರ್ ಬಟ್ಟೆಯ ಗಂಟು ಹೊತ್ತು ಮಾರುಕಟ್ಟೆಗೆ ಹೊರಟಿದ್ದರು. ಗೆಳೆಯರು ತಡೆದು ಬೊಕ್ಕಸದಿಂದ ಜೀವನಭತ್ಯೆ ಗೊತ್ತುಮಾಡಬೇಕಾಯಿತು. 634ರ ಆಗಸ್ಟ್‌ನಲ್ಲಿ ಸಾಯುವಾಗ ತಮ್ಮಲ್ಲಿದ್ದ ಸಾರ್ವಜನಿಕ ಸ್ವತ್ತನ್ನೆಲ್ಲ ಮುಂದಿನ ಖಲೀಫರಿಗೆ ಒಪ್ಪಿಸಲು ಹೇಳಿದರು: ನೀರು ಹೊರುವ ಒಂಟೆ, ಒಬ್ಬ ಆಳು, ಒಂದು ಹಳೆಯ ಹೊದಿಕೆ. ಅವು ಕೈಸೇರಿದಾಗ ಉಮರ್ ಅತ್ತರಂತೆ. ತಮ್ಮ ನಂತರದವರಿಗೆ ಅಬೂಬಕರ್ ದಾರಿಯನ್ನು ಬಹಳ ಕಠಿಣಗೊಳಿಸಿದರೆಂದು.

ತಂದೆ ಅಬೂ ಕುಹಾಫ ಆಗ ಮಕ್ಕಾದಲ್ಲಿ ಬದುಕಿದ್ದರು. 630ರಲ್ಲಿ ಆ ನಗರ ಮುಸ್ಲಿಮರ ವಶವಾದಾಗ ಅವರೂ ಇಸ್ಲಾಮ್ ಸ್ವೀಕರಿಸಿದ್ದರು. ಮಗನ ಆಸ್ತಿಯಲ್ಲಿ ತಂದೆಗೆ ನಿಯಮದಂತೆ ಆರನೆಯ ಒಂದು ಪಾಲು ಬರಬೇಕಿತ್ತು. ಹಿಂದೆ ಬಟ್ಟೆಯಡಿಯ ಕಲ್ಲುಗಳನ್ನು ಮುಟ್ಟಿ ಸಮಾಧಾನಗೊಂಡಿದ್ದ ಆ ಕುರುಡ ಮುದುಕ ಅದನ್ನು ಮೊಮ್ಮಕ್ಕಳಿಗೇ ಬಿಟ್ಟುಕೊಟ್ಟರೆಂದು ಹೇಳುತ್ತಾರೆ. ಸುಮಾರು ಆರು ತಿಂಗಳ ಬಳಿಕ ಅವರೂ ತೀರಿಕೊಂಡರು.